ನಿದ್ದೆಯಲ್ಲಿ ಮೈ ಕಟ್ಟುತ್ತದೆ, ಆಮೇಲೆ ನಾನು ಫ್ಯಾನಿನ ಹತ್ತಿರ ಇರುತ್ತೇನೆ. ಇದನ್ನು ನಿಲ್ಲಿಸುವುದು ಹೇಗೆ?

ಬಿಜೈ ನೈಟ್‌ಶಿಫ್ಟ್ · ಜುಲೈ 6, ಬೆಳಗ್ಗೆ 4:50

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಉಂಟು, ಚಾ ಹಿಡಿದುಕೊಂಡು ಓದಿ.

ನನಗೆ 27 ವರ್ಷ. ಮಂಗಳೂರಿನ ಬಿಜೈಯಲ್ಲಿ ಒಂದು ರೂಮು, ಒಬ್ಬನೇ. ಅಮೆರಿಕದ ಸಮಯಕ್ಕೆ ಕೆಲಸ. ಮಲಗುವಾಗ ಬೆಳಗ್ಗೆ ನಾಲ್ಕೂವರೆ, ಐದು ಆಗುತ್ತದೆ. ಶನಿವಾರ ಊರಿಗೆ ಹೋದರೆ ಅಮ್ಮನ ಲೆಕ್ಕ ಬೇರೆ. ರಾತ್ರಿ ಹತ್ತಕ್ಕೆ ಲೈಟ್ ಆಫ್, ಆರಕ್ಕೆ ಏಳಬೇಕು.

ಎರಡು ತಿಂಗಳಿಂದ ಹೀಗಾಗುತ್ತಿದೆ. ಎಚ್ಚರ ಆಗುತ್ತದೆ. ಕಣ್ಣು ಬಿಡಲು ಬರುತ್ತದೆ, ಕಿಟಕಿಯ ಹಸಿರು ಪರದೆ ಕಾಣುತ್ತದೆ, ರೌಟರಿನ ಲೈಟು ಮಿಣುಕುವುದು ಕಾಣುತ್ತದೆ. ಕೈ ಕಾಲು ಒಂದೂ ಆಡುವುದಿಲ್ಲ. ಕೂಗಬೇಕು ಅಂದರೆ ಸ್ವರ ಇಲ್ಲ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಅಂತ ಗ್ಯಾರಂಟಿ ಅನಿಸುತ್ತದೆ. ಎದೆ ಮೇಲೆ ಅಕ್ಕಿ ಮುಡಿ ಇಟ್ಟ ಹಾಗೆ ಭಾರ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಇದರ ನಂತರ ಕಿವಿಯಲ್ಲಿ ಮಿಕ್ಸಿ ತಿರುಗಿದ ಹಾಗೆ ಗುಂಯ್ ಅನ್ನುತ್ತದೆ. ಮೈಯೆಲ್ಲ ಕಂಪನ. ಮತ್ತೆ ನೋಡಿದರೆ ನಾನು ಮೇಲೆ, ಫ್ಯಾನಿನ ಹತ್ತಿರ. ಕೆಳಗೆ ನನ್ನದೇ ಮೈ ಮಲಗಿದೆ. ಹಳದಿ ಹೊದಿಕೆ, ಹೊರಗೆ ಬಂದ ಎಡಗಾಲು. ವಾಪಸ್ ಹೋಗಲಿಕ್ಕೆ ಆಗದಿದ್ದರೆ ಅಂತ ಹೆದರಿಕೆ. ಹಾಗೆ ಅಂದುಕೊಂಡ ಕೂಡಲೇ ಧೊಪ್ಪಂತ ಬಿದ್ದ ಹಾಗಾಗಿ ಏಳುತ್ತೇನೆ, ಬನಿಯಾನು ಒದ್ದೆ.

ಈ ವಾರ ಮೂರು ಸಲ. ಈಗ ಮಲಗುವುದಕ್ಕೇ ಹೆದರಿಕೆ. ಈಗಲೂ ಹೆದರಿಯೇ ಇದನ್ನು ಬರೆಯುತ್ತಾ ಕೂತಿದ್ದೇನೆ. ಯಾರಿಗಾದರೂ ಆಗಿದೆಯಾ? ದಯವಿಟ್ಟು ತಮಾಷೆ ಮಾಡಬೇಡಿ.

ಕಾರ್ಕಳದ ಮೊಮ್ಮಗಳು · ಜುಲೈ 6, ಬೆಳಗ್ಗೆ 7:15

ಪೋಡ್ಯೊಡ್ಚಿ, ಹೆದರಬೇಡಿ. ಮೊದಲು ಅದನ್ನು ಹೇಳಿಬಿಡ್ತೇನೆ.

ಪಿಯುಸಿಯಲ್ಲಿ ನನಗೆ ವಾರಕ್ಕೊಮ್ಮೆ ಆಗುತ್ತಿತ್ತು. ಅಜ್ಜಿಗೆ ಹೇಳಿದೆ. "ಕುಲೆ ಕೂತದ್ದು", ಅಂದರೆ ಸತ್ತವರ ಪ್ರೇತ, ಅಂತ ದಿಂಬಿನ ಕೆಳಗೆ ಅಡಕತ್ತರಿ ಇಟ್ಟರು. ಕಬ್ಬಿಣ ಇದ್ದರೆ ಹತ್ತಿರ ಬರುವುದಿಲ್ಲವಂತೆ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ಕೈ ಹಾಕಿ ಹೆಬ್ಬೆರಳು ಕೊಯ್ದುಕೊಂಡೆ. ಕುಲೆ ಮಾಡದ ಗಾಯ ಅಡಕತ್ತರಿ ಮಾಡಿತು. ಗುರುತು ಈಗಲೂ ಉಂಟು.

ಅಜ್ಜಿಯನ್ನು ಆಡಿಕೊಳ್ಳಲಿಕ್ಕೆ ಹೇಳಿದ್ದಲ್ಲ. ಅಡಕತ್ತರಿ ಇಟ್ಟಮೇಲೆ ಅವರು ನನ್ನ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದರು. ಒಂದು ತಿಂಗಳು ಹಾಗೆಯೇ. ನನಗೆ ಕಡಿಮೆಯಾದದ್ದು ಅದರಿಂದ ಅಂತ ನನ್ನ ಲೆಕ್ಕ.

ತೇಲುವ ಜೀವ · ಜುಲೈ 6, ಬೆಳಗ್ಗೆ 9:02

ಸಹೋದರ, ನಿಮಗೆ ಸಿಕ್ಕಿರುವುದು ವರ! ಇದಕ್ಕಾಗಿ ಜನ ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಆಸ್ಟ್ರಲ್ ಪ್ರೊಜೆಕ್ಷನ್, ಅಂದರೆ ಜೀವ ಮೈ ಬಿಟ್ಟು ಹೊರಗೆ ಹೋಗುವುದು, ಎಲ್ಲರಿಗೂ ತಾನಾಗಿ ಆಗುವುದಿಲ್ಲ. ಭಯಪಡಬೇಡಿ. ಮುಂದಿನ ಸಲ ಕಿಟಕಿಯಿಂದ ಹೊರಗೆ ಹೋಗಿ ನೋಡಿ.

ಬಿಜೈ ನೈಟ್‌ಶಿಫ್ಟ್ · ಜುಲೈ 6, ಮಧ್ಯಾಹ್ನ 1:30

ವರ ಆದರೆ ನೀವೇ ಇಟ್ಟುಕೊಳ್ಳಿ. ನನಗೆ ಬೇಡ ಅಂತಲೇ ಇಷ್ಟುದ್ದ ಬರೆದದ್ದು.

ಕಾರ್ಕಳದವರೇ, ನಿಮ್ಮ ಅಜ್ಜಿಯ ವಿಷಯ ಓದಿ ಎರಡು ದಿನದ ನಂತರ ನಗು ಬಂತು. ನನ್ನ ಅಮ್ಮನೂ ಜೋಯಿಸರ ಹತ್ತಿರ ಪ್ರಶ್ನೆ ಇಡಿಸುವ ಅಂತ ಹೊರಟಿದ್ದಾರೆ. ಮನೆಯ ದೈವಕ್ಕೆ ಏನೋ ಬಾಕಿ ಇರಬೇಕು ಅನ್ನುತ್ತಾರೆ.

ಚೆಂಡೆಪೆಟ್ಟು · ಜುಲೈ 6, ಮಧ್ಯಾಹ್ನ 2:10

ದೈವವನ್ನು ಇದರಲ್ಲಿ ಎಳೆಯಬೇಡಿ ಮಾರಾಯ್ರೆ. ನಂಬಿದವರನ್ನು ಕಾಯುವ ಶಕ್ತಿ ಅದು. ಮಲಗಿದವನ ಎದೆ ಮೇಲೆ ಕೂರಲಿಕ್ಕೆ ಅದಕ್ಕೆ ಬೇರೆ ಕೆಲಸ ಇಲ್ವಾ? ಅಮ್ಮನಿಗೆ ಸಮಾಧಾನ ಆಗುವುದಾದರೆ ದೈವಕ್ಕೆ ಒಂದು ತಂಬಿಲದ ಸೇವೆ ಕೊಡಿ, ಕೈ ಮುಗಿಯಿರಿ. ಆದರೆ ಡಾಕ್ಟರನ್ನೂ ನೋಡಿ. ಒಂದು ಮಾಡಿದರೆ ಇನ್ನೊಂದು ಮಾಡಬಾರದು ಅಂತ ಎಲ್ಲಿಯೂ ಇಲ್ಲ.

ನಾನು ಯಕ್ಷಗಾನ ಮೇಳದಲ್ಲಿ ಇದ್ದವ. ನವೆಂಬರಿನಿಂದ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ರಾತ್ರಿಯಿಡೀ ಆಟ, ಹಗಲು ನಿದ್ದೆ. ಆ ನಿದ್ದೆಯೂ ಇವತ್ತು ಒಂದು ಶಾಲೆಯ ಬೆಂಚು, ನಾಳೆ ಯಾರದೋ ಮನೆಯ ಚಾವಡಿ. ಮೈ ಕಟ್ಟುವುದು ನಮ್ಮಲ್ಲಿ ಸುಮಾರು ಜನರಿಗೆ ಗೊತ್ತು. ನನಗೆ ಆಗುತ್ತಿದ್ದದ್ದು ಅಂಗಾತ ಮಲಗಿದಾಗ ಮಾತ್ರ. ಮಗ್ಗುಲಾಗಿ ಮಲಗಲು ಕಲಿತೆ, ಅರ್ಧಕ್ಕರ್ಧ ಕಡಿಮೆ. ಆದಾಗ ಕಾಲಿನ ಹೆಬ್ಬೆರಳು ಮಾತ್ರ ಅಲ್ಲಾಡಿಸಲು ನೋಡುತ್ತಿದ್ದೆ, ಅದು ಅಲ್ಲಾಡಿದರೆ ಉಳಿದದ್ದೂ ಬಿಡುತ್ತದೆ. ಈಗ ಕಾಲಮಿತಿ ಆಟಕ್ಕೆ ಹೋಗುತ್ತೇನೆ, ರಾತ್ರಿ ಒಂದೂವರೆಗೆ ಮನೆ. ಆಮೇಲೆ ಆಗಿಲ್ಲ ಅಂತಲೇ ಹೇಳಬಹುದು.

ಓದು ಮುಗಿಯದ ಡಾಕ್ಟ್ರು · ಜುಲೈ 6, ರಾತ್ರಿ 10:40

ನಾನು ಮನೋವೈದ್ಯ ವಿಭಾಗದಲ್ಲಿ ಇನ್ನೂ ಕಲಿಯುತ್ತಿರುವವಳು. ಇಲ್ಲಿ ಕೂತು ಯಾರಿಗೂ ರೋಗ ಹೇಳುವುದಿಲ್ಲ. ಒಳಗೆ ಎಂತ ಆಗುತ್ತದೆ ಅಂತ ಮಾತ್ರ ಹೇಳ್ತೇನೆ.

ಕನಸು ಜಾಸ್ತಿ ಬೀಳುವ ನಿದ್ದೆಗೆ ರೆಮ್ ನಿದ್ದೆ ಅನ್ನುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತ ಬಂದ ಹಾಗೆ ಉದ್ದವಾಗುತ್ತದೆ. ಆ ಹೊತ್ತು ಮೆದುಳು ಕೈಕಾಲಿನ ಫ್ಯೂಸ್ ತೆಗೆದು ಇಡುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವಾಗ ನಾವು ನಿಜಕ್ಕೂ ಎದ್ದು ಗೋಡೆಗೆ ಗುದ್ದುತ್ತಿದ್ದೆವು. ಕೆಲವೊಮ್ಮೆ ಎಚ್ಚರ ಮೊದಲು ಬಂದು ಫ್ಯೂಸ್ ಹಾಕುವುದು ತಡವಾಗುತ್ತದೆ. ಆ ಕೆಲವು ಸೆಕೆಂಡು, ಜಾಸ್ತಿ ಅಂದರೆ ಒಂದೆರಡು ನಿಮಿಷ, ನೀವು ಎಚ್ಚರವೂ ಹೌದು, ಕನಸಿನಲ್ಲಿಯೂ ಹೌದು. ಇದಕ್ಕೇ ಸ್ಲೀಪ್ ಪ್ಯಾರಾಲಿಸಿಸ್ ಅನ್ನುವುದು. ಹೆಸರಲ್ಲಿ ಪ್ಯಾರಾಲಿಸಿಸ್ ಇದೆ ಅಂತ ಲಕ್ವ ಅಂದುಕೊಳ್ಳಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎದೆಯ ಭಾರ: ಉಸಿರಾಟಕ್ಕೆ ದೊಡ್ಡ ಸ್ನಾಯು ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ. ಅದು ನಿಲ್ಲುವುದಿಲ್ಲ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಮಾತ್ರ ಸಡಿಲ ಆಗಿರುತ್ತವೆ. ಹಾಗಾಗಿ ಉಸಿರು ತನ್ನಷ್ಟಕ್ಕೆ ನಡೆಯುತ್ತಿದ್ದರೂ, ನೀವು ಬೇಕಂತ ದೊಡ್ಡ ಉಸಿರು ಎಳೆಯಲು ಹೋದರೆ ಆಗುವುದಿಲ್ಲ. ನಿಮ್ಮ ಅಕ್ಕಿ ಮುಡಿ ಅದೇ. ಬಾಗಿಲಲ್ಲಿ ನಿಂತವರು? ಹೆದರಿದ ಮೆದುಳು ಅಪಾಯ ಎಲ್ಲಿ ಅಂತ ಹುಡುಕುತ್ತದೆ, ಸಿಗದಿದ್ದರೆ ಕನಸಿನಿಂದ ಒಬ್ಬರನ್ನು ತಂದು ನಿಲ್ಲಿಸುತ್ತದೆ.

ಒಬ್ಬರಿಗೇ ಆಗುವುದಲ್ಲ. 35 ಅಧ್ಯಯನಗಳನ್ನು ಒಟ್ಟು ಮಾಡಿ 2011ರಲ್ಲಿ ಬಂದ ಒಂದು ಲೆಕ್ಕದಲ್ಲಿ, ಸಾಮಾನ್ಯ ಜನರಲ್ಲಿ ಶೇ. 7.6 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಆಗಿದೆ. ವಿದ್ಯಾರ್ಥಿಗಳಲ್ಲಿ ಶೇ. 28.3. ವಿದ್ಯಾರ್ಥಿಗಳು ಹೇಗೆ ನಿದ್ದೆ ಮಾಡುತ್ತಾರೆ ಅಂತ ಮಣಿಪಾಲದ ರಸ್ತೆಯಲ್ಲಿ ರಾತ್ರಿ ಎರಡಕ್ಕೆ ನಿಂತು ನೋಡಿದರೆ ಗೊತ್ತಾಗುತ್ತದೆ. ಜಪಾನಿನಲ್ಲಿ ಇದಕ್ಕೆ ಕನಶಿಬಾರಿ ಅನ್ನುತ್ತಾರೆ, ಲೋಹದಿಂದ ಬಿಗಿದು ಕಟ್ಟಿದ ಹಾಗೆ ಅಂತ ಅರ್ಥ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದುಕಿ ಬಂದು ಕೂರುತ್ತಾಳೆ. ಕಾರ್ಕಳದಲ್ಲಿ ಕುಲೆ.

ಬಿಜೈಯವರೇ, ನಿಮ್ಮ ಬರಹದಲ್ಲಿ ನನಗೆ ಮೊದಲು ಕಂಡದ್ದು ಫ್ಯಾನ್ ಅಲ್ಲ, ಟೈಮು. ವಾರದಲ್ಲಿ ಐದು ದಿನ ಒಂದು ದೇಶ, ಎರಡು ದಿನ ಇನ್ನೊಂದು ದೇಶ. ನಿದ್ದೆ ಹೀಗೆ ಹಿಂದೆ ಮುಂದೆ ಆದರೆ ರೆಮ್ ಎಲ್ಲಿ ಬರಬೇಕೋ ಅಲ್ಲಿ ಬರುವುದಿಲ್ಲ. ಕಾಫಿ ಎಷ್ಟು? ಎಷ್ಟು ಹೊತ್ತಿಗೆ?

ಬಿಜೈ ನೈಟ್‌ಶಿಫ್ಟ್ · ಜುಲೈ 7, ಬೆಳಗ್ಗೆ 4:35

ಕಾಫಿ ಮೂರು. ಕೊನೆಯದು ರಾತ್ರಿ ಎರಡಕ್ಕೆ. ಸರಿ, ಗೊತ್ತಾಯ್ತು.

ಒಂದು ಮಾತು ಒಪ್ಪಲಿಕ್ಕೆ ಆಗುವುದಿಲ್ಲ ಡಾಕ್ಟ್ರೇ. ಮೈ ಕಟ್ಟುವುದು ಸ್ನಾಯು, ಸರಿ. ಆದರೆ ಮೇಲಿನಿಂದ ರೂಮು ನೋಡಿದ್ದೇನಲ್ಲ? ಅಷ್ಟು ಸ್ಪಷ್ಟ. ಅದು ಕನಸಿನ ಹಾಗೆ ಮಬ್ಬು ಇಲ್ಲ.

ಓದು ಮುಗಿಯದ ಡಾಕ್ಟ್ರು · ಜುಲೈ 7, ಸಂಜೆ 6:20

ಸ್ಪಷ್ಟ ಇರುತ್ತದೆ, ಒಪ್ಪಿದೆ. ಸ್ಪಷ್ಟ ಇದ್ದ ಮಾತ್ರಕ್ಕೆ ಕಣ್ಣಿನಿಂದ ಬಂದದ್ದು ಅಂತ ಅಲ್ಲ.

2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಒಲಾಫ್ ಬ್ಲಾಂಕೆ ಎಂಬ ನರವೈದ್ಯರ ತಂಡ ಅಪಸ್ಮಾರ ಇದ್ದ ಒಬ್ಬ ಹೆಂಗಸನ್ನು ಪರೀಕ್ಷೆ ಮಾಡುತ್ತಿತ್ತು. ಬಲಗಿವಿಯ ಹಿಂದೆ, ಸ್ವಲ್ಪ ಮೇಲೆ ಬರುವ ಮೆದುಳಿನ ಒಂದು ಜಾಗಕ್ಕೆ ಸಣ್ಣ ಕರೆಂಟು ಕೊಟ್ಟರು. ಮೊದಲು ಹಾಸಿಗೆಯೊಳಗೆ ಹೂತುಹೋದ ಹಾಗೆ ಆಯಿತು. ಕರೆಂಟು ಹೆಚ್ಚಿಸಿದಾಗ ಆಕೆ ಮೇಲಿನಿಂದ ತನ್ನನ್ನೇ ನೋಡಿದಳು, ಅದೂ ಕಾಲು ಮತ್ತು ಮುಂಡದ ಕೆಳಭಾಗ ಮಾತ್ರ. "ನಾನು ಇಲ್ಲಿದ್ದೇನೆ" ಅನ್ನುವ ಲೆಕ್ಕ ಮೆದುಳು ಸುಮ್ನೆ ಪಡೆಯುವುದಿಲ್ಲ. ಕಣ್ಣು, ಚರ್ಮ, ಕಿವಿಯೊಳಗಿನ ಸಮತೋಲನದ ಅಂಗ, ಎಲ್ಲವನ್ನೂ ಆ ಜಾಗದಲ್ಲಿ ಕೂಡಿಸಿ ಹೇಳುತ್ತದೆ. ಮೈಯಿಂದ ಸುದ್ದಿ ಬರುವುದು ನಿಂತು ಕನಸಿನಿಂದ ಬರತೊಡಗಿದರೆ ಕೂಡಿಸಿದ್ದು ತಪ್ಪುತ್ತದೆ. ತೇಲುವುದು, ಬೀಳುವುದು, ಗುಂಯ್ ಅನ್ನುವುದು, ಕಂಪನ, ಎಲ್ಲ ಒಂದೇ ಮನೆಯವರು.

ಒಂದು ಕೆಲಸ ಮಾಡಿ. ಮುಂದಿನ ಸಲ ಮೇಲಿನಿಂದ ಕಂಡದ್ದರಲ್ಲಿ, ನೆಲದ ಮೇಲೆ ನಿಂತರೆ ಕಾಣದ ವಸ್ತು ಏನಾದರೂ ಇದೆಯಾ ನೆನಪಿಡಿ. ಎದ್ದು ಪರೀಕ್ಷೆ ಮಾಡಿ.

ಮಲ್ಪೆ ಗಾಳಿ · ಜುಲೈ 8, ರಾತ್ರಿ 8:00

ಈಗ 61 ದಿನ ಮೀನುಗಾರಿಕೆ ರಜೆ. ಅದಕ್ಕೆ ಇದನ್ನೆಲ್ಲ ಓದಲು ಪುರುಸೊತ್ತು.

ನಾನು ಆಳಸಮುದ್ರ ಬೋಟಿನಲ್ಲಿ ತಾಂಡೇಲ, ಬೋಟು ನಡೆಸುವವ. ಹೋದರೆ ಹತ್ತು ದಿನ ನೀರಿನಲ್ಲೇ. ಬಲೆ ಬಿಟ್ಟು ಎಳೆಯುವ ನಡುವೆ ಎರಡು ಗಂಟೆ ಕಣ್ಣು ಮುಚ್ಚಿದರೆ ಅದೇ ದೊಡ್ಡದು. ಅಲ್ಲಿ ಆಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮನೆಯಲ್ಲಿ ಗಂಜಿ ಉಂಡು ಮಲಗಿದಾಗ ಆಗುವುದಿಲ್ಲ. ಹದಿನೈದು ವರ್ಷ ಹೀಗೇ ನೋಡಿದ್ದೇನೆ. ಡಾಕ್ಟ್ರು ಹೇಳಿದ ಟೈಮಿನ ಮಾತು ನನಗೆ ಹೊಸದಲ್ಲ.

ಇನ್ನೊಂದು ಉಂಟು. ನನ್ನ ಗೊರಕೆಗೆ ಬೋಟಿನವರು ಎಂಜಿನ್ ಎರಡಿದೆ ಅನ್ನುತ್ತಿದ್ದರು. ಹೋದ ವರ್ಷ ಹೆಂಡತಿ ಹೇಳಿದಳು, ಗೊರಕೆ ನಡುವೆ ಉಸಿರೇ ನಿಲ್ಲುತ್ತದೆ ಅಂತ. ಅವಳೇ ಎಳೆದುಕೊಂಡು ಹೋಗಿ ನಿದ್ದೆಯ ಪರೀಕ್ಷೆ ಮಾಡಿಸಿದಳು. ರಾತ್ರಿಯಿಡೀ ತಲೆಗೆ, ಎದೆಗೆ ವೈರು ಅಂಟಿಸಿ ಮಲಗಿಸುತ್ತಾರೆ. ಸ್ಲೀಪ್ ಆಪ್ನಿಯಾ ಅಂತ ಬಂತು. ಈಗ ಮೂಗಿಗೆ ಗಾಳಿ ಒತ್ತುವ ಮೆಷಿನ್. ಮೈ ಕಟ್ಟುವುದು ಬಹಳ ಕಡಿಮೆ. ಬಿಜೈಯವರೇ, ಗೊರಕೆ ಉಂಟಾ? ಒಬ್ಬರೇ ಇದ್ದರೆ ಹೇಳುವವರು ಯಾರು. ಫೋನಿನಲ್ಲಿ ರೆಕಾರ್ಡ್ ಇಟ್ಟು ಮಲಗಿ.

ಬಿಜೈ ನೈಟ್‌ಶಿಫ್ಟ್ · ಜುಲೈ 12, ಮಧ್ಯಾಹ್ನ 12:45

ರೆಕಾರ್ಡ್ ಇಟ್ಟೆ. ಗೊರಕೆ ಇಲ್ಲ. ಪಕ್ಕದ ಮನೆಯ ಕುಕ್ಕರಿನ ಸೀಟಿ ಮತ್ತು ಮಳೆ, ಅಷ್ಟೇ.

ನಿನ್ನೆ ಬೆಳಗ್ಗೆ ಮತ್ತೆ ಆಯ್ತು. ಹೆದರಿಕೆಯ ನಡುವೆಯೂ ಡಾಕ್ಟ್ರ ಮಾತು ನೆನಪಾಯಿತು. ಕಪಾಟಿನ ಮೇಲೆ ನೋಡಿದೆ. ಅಲ್ಲಿ ಒಂದು ಹಿತ್ತಾಳೆ ಕಾಲುದೀಪ ಇತ್ತು. ಬತ್ತಿಯ ಕರಿ ಸಮೇತ ಕಂಡಿತು. ಎದ್ದ ಕೂಡಲೇ ಸ್ಟೂಲು ಹಾಕಿ ಹತ್ತಿದೆ. ಖಾಲಿ ಸೂಟ್‌ಕೇಸು, ಹಲ್ಲಿಯ ಹಿಕ್ಕೆ, ಹಿಂದಿನ ಬಾಡಿಗೆದಾರ ಬಿಟ್ಟುಹೋದ ಕೊಡೆಯ ಕಡ್ಡಿ. ದೀಪ ಇಲ್ಲ. ಆ ದೀಪ ನಮ್ಮ ಊರಿನ ಮನೆಯ ದೇವರ ಕೋಣೆಯದ್ದು.

ಸ್ಟೂಲಿನ ಮೇಲೆಯೇ ಸ್ವಲ್ಪ ಹೊತ್ತು ನಿಂತಿದ್ದೆ. ಸಮಾಧಾನವೋ ಬೇಜಾರೋ ಗೊತ್ತಾಗಲಿಲ್ಲ. ಇಷ್ಟು ದಿನ ವಾಪಸ್ ಬರಲಿಕ್ಕೆ ಆಗದಿದ್ದರೆ ಅಂತ ಹೆದರಿದ್ದು. ಹೋಗಿಯೇ ಇಲ್ಲ ಅಂದಮೇಲೆ ವಾಪಸ್ ಬರುವ ಪ್ರಶ್ನೆ ಎಲ್ಲಿಂದ?

ತೇಲುವ ಜೀವ · ಜುಲೈ 12, ಮಧ್ಯಾಹ್ನ 3:10

ಸೂಕ್ಷ್ಮ ಶರೀರ ನಿಮ್ಮ ಊರಿನ ಮನೆಗೆ ಹೋಗಿದ್ದಿರಬಹುದಲ್ಲ?

ಕಾರ್ಕಳದ ಮೊಮ್ಮಗಳು · ಜುಲೈ 12, ಮಧ್ಯಾಹ್ನ 3:14

ಹೋಗಿ ದೀಪ ತಂದು ಬಿಜೈಯ ಕಪಾಟಿನ ಮೇಲೆ ಇಟ್ಟಿತಾ? ಸಾಕು ಮಾರಾಯ್ರೆ.

ಬಿಜೈ ನೈಟ್‌ಶಿಫ್ಟ್ · ಜುಲೈ 13, ಬೆಳಗ್ಗೆ 5:05

ಒಂದು ವಿಷಯ ಮುಚ್ಚಿಟ್ಟಿದ್ದೆ. ನಾಚಿಕೆಗೆ.

ಇದು ತಾನಾಗಿ ಶುರುವಾದದ್ದಲ್ಲ. ಏಪ್ರಿಲಿನಲ್ಲಿ ಮೈ ಬಿಟ್ಟು ಹೊರಗೆ ಹೋಗುವುದು ಹೇಗೆ ಅಂತ ವಿಡಿಯೋ ನೋಡಿದೆ. ನಾಲ್ಕು ಗಂಟೆ ಮಲಗಿ, ಅಲಾರಾಂ ಇಟ್ಟು ಎದ್ದು, ಅರ್ಧ ಗಂಟೆ ಎಚ್ಚರ ಇದ್ದು, ಮತ್ತೆ ಅಂಗಾತ ಮಲಗಿ ಅಲ್ಲಾಡದೆ ಇರುವುದು. ಕಿವಿಗೆ ಹೆಡ್‌ಫೋನು, ಅದರಲ್ಲಿ ಏನೋ ಗುಂಯ್ ಶಬ್ದ. ಮೂರು ವಾರ ಮಾಡಿದೆ. ಒಂದು ದಿನ ಆಯ್ತು. ಖುಷಿ ಆಯ್ತು. ಎರಡನೇ ಸಲ ಬಾಗಿಲ ಹತ್ತಿರ ಆ ಆಕೃತಿ ಕಂಡಿತು, ಬಿಟ್ಟುಬಿಟ್ಟೆ. ಅದು ನನ್ನನ್ನು ಬಿಡಲಿಲ್ಲ.

ಓದು ಮುಗಿಯದ ಡಾಕ್ಟ್ರು · ಜುಲೈ 13, ರಾತ್ರಿ 9:30

ನಾಚಿಕೆ ಎಂತದ್ದು, ಹೇಳಿದ್ದು ಒಳ್ಳೆಯದಾಯಿತು. 1992ರಲ್ಲಿ ಜಪಾನಿನ ಸಂಶೋಧಕರು ಆರೋಗ್ಯವಂತರ ನಿದ್ದೆಯನ್ನು ಬೇಕಂತಲೇ ನಡುವೆ ಮುರಿದು, ಮತ್ತೆ ಮಲಗಿಸಿ, ಲ್ಯಾಬಿನಲ್ಲಿಯೇ ಸ್ಲೀಪ್ ಪ್ಯಾರಾಲಿಸಿಸ್ ಬರುವ ಹಾಗೆ ಮಾಡಿದ್ದರು. ನಿಮ್ಮ ಅಲಾರಾಂ ಮಾಡಿದ್ದೂ ಅದೇ. ಆಮೇಲೆ ಹೆದರಿಕೆ ಆ ಕೆಲಸ ವಹಿಸಿಕೊಂಡಿತು. ಹೆದರಿ ತಡವಾಗಿ ಮಲಗುತ್ತೀರಿ, ಮಲಗಿದರೂ ಪದೇ ಪದೇ ಎಚ್ಚರ ಆಗುತ್ತದೆ. ಈಗ ಅಲಾರಾಂ ಬೇಕಾಗಿಯೇ ಇಲ್ಲ.

ಆ ಹೊತ್ತಿನಲ್ಲಿ ಮಾಡಲು ಒಂದು ಕ್ರಮ ಉಂಟು. ಬಾಲಂದ್ ಜಲಾಲ್ ಎಂಬ ಸಂಶೋಧಕರು 2016ರಲ್ಲಿ ಬರೆದದ್ದು. ಮೊದಲು ಹೆಸರು ಹೇಳಿ: "ಇದು ಸ್ಲೀಪ್ ಪ್ಯಾರಾಲಿಸಿಸ್, ಮುಗಿಯುತ್ತದೆ." ಇದು ಬಹಳ ಜನರಿಗೆ ಆಗುವಂಥದ್ದು, ಹೆದರಿದರೆ ಉದ್ದವಾಗುತ್ತದೆ ಅಷ್ಟೇ ಅಂತ ನೆನಪಿಸಿಕೊಳ್ಳಿ. ಆಮೇಲೆ ಗಮನವನ್ನು ಒಳಗೆ ಇರುವ ಒಂದು ಒಳ್ಳೆಯದರ ಮೇಲೆ ಇಡಿ. ದೇವರ ನಾಮ ಆಗಬಹುದು, ಅಮ್ಮನ ಮುಖ ಆಗಬಹುದು. ಮೈಯನ್ನು ಎಳೆದಾಡದೆ ಸಡಿಲ ಬಿಡಿ. ಬಾಗಿಲ ಕಡೆ ನೋಡಬೇಡಿ. ತೇಲಲು ಶುರುವಾದರೆ ಅದನ್ನು ತಡೆಯಲೂ ಬೇಡಿ, ಹಿಂಬಾಲಿಸಲೂ ಬೇಡಿ. ಹಗಲು ಹೊತ್ತು, ಆರಾಮ ಇರುವಾಗ, ಇದನ್ನು ನಾಲ್ಕು ಸಲ ಅಭ್ಯಾಸ ಮಾಡಿ. ನೀರಿಗೆ ಬಿದ್ದಮೇಲೆ ಈಜು ಕಲಿಯಲಿಕ್ಕೆ ಆಗುವುದಿಲ್ಲ.

ಚೆಂಡೆಪೆಟ್ಟು ಅವರ ಹೆಬ್ಬೆರಳು ಇದಕ್ಕೆ ವಿರುದ್ಧ ಅನಿಸಬಹುದು. ಅದರಿಂದ ಬಿಡುಗಡೆ ಆಗುತ್ತದೆ ಅನ್ನುವವರು ಬಹಳ ಜನ. ಅಲ್ಲಾಡಿದರೆ ಸರಿ. ಅಲ್ಲಾಡದಿದ್ದರೆ ಗಾಬರಿ ದುಪ್ಪಟ್ಟು. ಅದಕ್ಕೆ ನಾನು ಹೇಳುವುದಿಲ್ಲ.

ಮತ್ತೆ ಒಂದು: ಎಚ್ಚರ ಇರುವಾಗ, ಹಗಲಿನಲ್ಲಿ, ನಡೆಯುವಾಗ ಅಥವಾ ಕೂತಲ್ಲಿ ಹೀಗೆ ಮೈಯಿಂದ ಹೊರಗೆ ಹೋದ ಹಾಗಾದರೆ ತಡ ಮಾಡದೆ ನರರೋಗ ತಜ್ಞರನ್ನು ನೋಡಿ. ಅಪಸ್ಮಾರ, ಮೈಗ್ರೇನ್, ಕಿವಿಯ ಸಮತೋಲನದ ತೊಂದರೆ, ಎಲ್ಲವನ್ನೂ ನೋಡಬೇಕಾಗುತ್ತದೆ. ರೆಮ್ ನಿದ್ದೆ ಕಡಿಮೆ ಮಾಡುವ ಮಾತ್ರೆಗಳೂ ಉಂಟು, ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವಂಥವಲ್ಲ. ಹೆದರಿಕೆ ಜಾಸ್ತಿಯಾಗಿ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಸುರತ್ಕಲ್ ತೂಕಡಿಕೆ · ಜುಲೈ 15, ಸಂಜೆ 5:40

ಡಾಕ್ಟ್ರು ಬಿಟ್ಟದ್ದು ಒಂದು ಉಂಟು, ಅದನ್ನು ನಾನು ಹೇಳ್ತೇನೆ.

ನನಗೂ ಮೈ ಕಟ್ಟುತ್ತಿತ್ತು. ಅದಕ್ಕಿಂತ ದೊಡ್ಡದು ಹಗಲು ನಿದ್ದೆ. ರಾತ್ರಿ ಎಂಟು ಗಂಟೆ ಮಲಗಿದರೂ ಬಸ್ಸಿನಲ್ಲಿ ನಿಂತಲ್ಲೇ ತೂಕಡಿಕೆ. ಪರೀಕ್ಷೆಯಲ್ಲಿ ಉತ್ತರ ಬರೆಯುತ್ತಾ ಪೆನ್ನು ಗೆರೆ ಎಳೆದುಕೊಂಡು ಹೋಗುತ್ತಿತ್ತು. ಸೋಮಾರಿ ಅಂತ ಎಲ್ಲರೂ ಹೇಳಿದರು, ಒಬ್ಬ ಡಾಕ್ಟರೂ ಸೇರಿ. ರಕ್ತ ಕಡಿಮೆ ಅಂತ ಟಾನಿಕ್ ಬರೆದುಕೊಟ್ಟು ಕಳಿಸಿದರು. ಆರು ವರ್ಷ ಹಾಗೇ ಹೋಯಿತು. ಅದರ ಸಿಟ್ಟು ನನಗೆ ಈಗಲೂ ಇಳಿದಿಲ್ಲ.

ತಂಗಿಯ ಮದುವೆಯಲ್ಲಿ ಯಾರೋ ಜೋಕು ಹೇಳಿದರು. ಜೋರಾಗಿ ನಕ್ಕೆ. ದವಡೆ ಜೋತುಬಿತ್ತು, ಮಂಡಿ ಕುಸಿಯಿತು, ಕೈಯಲ್ಲಿದ್ದ ಪಾಯಸದ ಲೋಟ ಸೀರೆಯ ಮೇಲೆ. ಎಚ್ಚರ ಇತ್ತು, ಎಲ್ಲ ಕೇಳುತ್ತಿತ್ತು. ಅದನ್ನು ಕೇಳಿದ ಮೇಲೆಯೇ ಇನ್ನೊಬ್ಬ ಡಾಕ್ಟರು ನಾರ್ಕೊಲೆಪ್ಸಿ, ಅಂದರೆ ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆ, ಇರಬಹುದು ಅಂದರು. ರಾತ್ರಿಯ ಪರೀಕ್ಷೆ, ಮರುದಿನ ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಮಲಗಿಸಿ ಇನ್ನೊಂದು ಪರೀಕ್ಷೆ. ಒರೆಕ್ಸಿನ್ ಅಂತ ಮೆದುಳಿನಲ್ಲಿ ಒಂದು ರಾಸಾಯನಿಕ ಉಂಟು, ಎಚ್ಚರವನ್ನು ಹಿಡಿದಿಡುವುದು. ಅದು ನನ್ನಲ್ಲಿ ಕಡಿಮೆ ಅಂತ ತಿಳಿಸಿದರು. ಈಗ ಮಾತ್ರೆ ಉಂಟು, ಮಧ್ಯಾಹ್ನ ಇಪ್ಪತ್ತು ನಿಮಿಷದ ನಿದ್ದೆ ಉಂಟು. ಸ್ಕೂಟರ್ ಮಾತ್ರ ಓಡಿಸುವುದಿಲ್ಲ.

ಬಿಜೈಯವರೇ, ನಕ್ಕಾಗ ಅಥವಾ ಸಿಟ್ಟು ಬಂದಾಗ ಮೈ ಸಡಿಲ ಆಗುತ್ತದಾ? ಇಲ್ಲ ಅಂದರೆ ನಿಮ್ಮದು ನನ್ನ ಹಾಗಿನದ್ದು ಅಲ್ಲದಿರಬಹುದು. ಇದನ್ನು ಓದುವ ಬೇರೆ ಯಾರಿಗಾದರೂ ಆಗುತ್ತಿದ್ದರೆ ಟಾನಿಕ್ಕಿಗೆ ನಿಲ್ಲಬೇಡಿ.

ಬಿಜೈ ನೈಟ್‌ಶಿಫ್ಟ್ · ಜುಲೈ 15, ರಾತ್ರಿ 11:50

ಇಲ್ಲ, ಹಾಗೆ ಆಗುವುದಿಲ್ಲ. ನಿಮ್ಮ ಆರು ವರ್ಷದ ಕತೆ ಓದಿ ಕೆಲಸದ ನಡುವೆ ಎದ್ದು ಹೊರಗೆ ಹೋಗಿ ನಿಂತೆ.

ಬಿಜೈ ನೈಟ್‌ಶಿಫ್ಟ್ · ಆಗಸ್ಟ್ 17, ಮಧ್ಯಾಹ್ನ 2:20

ಒಂದು ತಿಂಗಳಾಯ್ತು, ವರದಿ ಕೊಡಬೇಕಲ್ವಾ.

ಕಾಫಿ ರಾತ್ರಿ ಒಂಬತ್ತಕ್ಕೆ ಬಂದ್. ಕಿಟಕಿಗೆ ದಪ್ಪ ಕಪ್ಪು ಪರದೆ. ವಾರದ ಕೊನೆಗೂ ಬೆಳಗಿನ ಮೂರಕ್ಕಿಂತ ಮೊದಲು ಮಲಗುವುದಿಲ್ಲ. ಇದಕ್ಕೆ ಅಮ್ಮನ ಜೊತೆ ಜಗಳವೇ ಆಯ್ತು. ಬೆಳಗ್ಗೆ ಹನ್ನೊಂದರವರೆಗೆ ಮಲಗುವ ಮಗನನ್ನು ನೆಂಟರ ಎದುರು ಇಟ್ಟುಕೊಳ್ಳುವುದು ಹೇಗೆ ಅಂತ. ಕೊನೆಗೆ ಡಾಕ್ಟ್ರು ಹೇಳಿದ್ದು ಅಂದೆ, ಸುಮ್ಮನಾದರು. (ಓದು ಮುಗಿಯದ ಅನ್ನುವ ಭಾಗ ಹೇಳಲಿಲ್ಲ.) ತಂಬಿಲವೂ ಆಯ್ತು. ಇಲ್ಲಿ ಹತ್ತಿರದ ಮನೋವೈದ್ಯರನ್ನೂ ಒಮ್ಮೆ ನೋಡಿ ಬಂದೆ. ಮಾತ್ರೆ ಸದ್ಯಕ್ಕೆ ಬೇಡ, ಶಿಫ್ಟು ಬದಲಾಗುತ್ತದಾ ನೋಡಿ ಅಂದರು. ಅರ್ಜಿ ಕೊಟ್ಟಿದ್ದೇನೆ.

ಅಂಗಾತ ಹೊರಳದ ಹಾಗೆ ಹಳೆಯ ಟೀಶರ್ಟಿನ ಬೆನ್ನಿಗೆ ಟೆನಿಸ್ ಬಾಲು ಹೊಲಿಸಿಕೊಂಡೆ. ಹೊಲಿದದ್ದು ಅಮ್ಮನೇ. ಜೇಬಿನ ಹಾಗೆ ಬಟ್ಟೆ ಇಟ್ಟು, ಮೇಲೆ ಗುಂಡಿ ಬೇರೆ. ಒಗೆಯುವಾಗ ಬಾಲು ತೆಗೆಯಬಹುದು.

ಈ ತಿಂಗಳಲ್ಲಿ ಎರಡು ಸಲ ಆಯ್ತು. ಮೊದಲನೆಯದರಲ್ಲಿ ಎಲ್ಲ ಮರೆತುಹೋಗಿ ಹೆದರಿದೆ. ಎರಡನೆಯದು ಹೋದ ಮಂಗಳವಾರ. ಗುಂಯ್ ಶುರುವಾಯಿತು. "ಬಂತಾ, ಬಾ" ಅಂದುಕೊಂಡೆ. ಹೊರಗೆ ಮಾಡಿನಿಂದ ತಗಡಿನ ಮೇಲೆ ನೀರು ಬೀಳುತ್ತಿತ್ತು, ಅದನ್ನೇ ಎಣಿಸಿದೆ. ಬಾಗಿಲ ಹತ್ತಿರ ಯಾರೋ ಇದ್ದರು, ಇರಲಿ ಅಂತ ಬಿಟ್ಟೆ. ಸ್ವಲ್ಪ ಮೇಲೆದ್ದ ಹಾಗಾಯ್ತು, ಫ್ಯಾನಿನವರೆಗೆ ಹೋಗಲಿಲ್ಲ. ನಲವತ್ತೋ ಐವತ್ತೋ ಹನಿಗೆ ಕೈ ಬಂತು. ಎದ್ದು ನೀರು ಕುಡಿದು, ಒಂದು ಸುತ್ತು ನಡೆದು ಮತ್ತೆ ಮಲಗಿದೆ. ಕೂಡಲೇ ಮಲಗಿದರೆ ಮತ್ತೆ ಅದೇ ಶುರುವಾಗುತ್ತದೆ, ಅದು ನನಗೇ ಗೊತ್ತಾದದ್ದು.

ಮಲ್ಪೆಯವರಿಗೆ ಥ್ಯಾಂಕ್ಸ್ ಹೇಳಬೇಕಿತ್ತು. ಅವರೀಗ ಕಡಲಲ್ಲಿ, ರೇಂಜ್ ಇರಲಿಕ್ಕಿಲ್ಲ.

ಹೊಸಬ ಕುಂದಾಪುರ · ಆಗಸ್ಟ್ 19, ಬೆಳಗ್ಗೆ 3:25

ಈಗಷ್ಟೇ ನಂಗೂ ಆಯ್ತು, ಮೊದಲನೇ ಸಲ. ಕೈ ಇನ್ನೂ ನಡುಗುತ್ತಾ ಉಂಟು. ಹುಡುಕಿದಾಗ ಇದು ಸಿಕ್ಕಿತು, ಪೂರ್ತಿ ಓದಿದೆ. ಬಾಲು ಬೆನ್ನಿನಲ್ಲಿ ಎಲ್ಲಿ ಬರಬೇಕು? ಮೇಲಾ, ಕೆಳಗಾ?

ಬಿಜೈ ನೈಟ್‌ಶಿಫ್ಟ್ · ಆಗಸ್ಟ್ 19, ಬೆಳಗ್ಗೆ 3:40

ನಡು ಬೆನ್ನಿಗೆ, ರೆಕ್ಕೆ ಮೂಳೆಗಳ ಮಧ್ಯೆ. ಸೊಂಟಕ್ಕೆ ಬಂದರೆ ಬೆಳಗ್ಗೆ ನೋವು. ಈಗ ಎದ್ದು ಲೈಟ್ ಹಾಕಿ, ನೀರು ಕುಡಿಯಿರಿ. ನಾನು ಇನ್ನು ಒಂದು ಗಂಟೆ ಎಚ್ಚರ ಇರುತ್ತೇನೆ, ಬರೆಯುತ್ತಾ ಇರಿ.